ಫ್ಲೆಕ್ಸಿಬಲ್ ಪಾರ್ಷಿಯಲ್‌ನಲ್ಲಿ ಹಲ್ಲು ಕಳಚಿ ಬರುತ್ತಿದೆ, ಕ್ಲಾಸ್ಪ್ ತುದಿ ತುಂಬುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಬೆಂಚ್_ಹುಡುಗ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಲ್ಯಾಬ್‌ನಲ್ಲಿ ಅಕ್ರಿಲಿಕ್ ಪಾರ್ಷಿಯಲ್ (ಕೆಲವು ಹಲ್ಲಿನ ಕೃತಕ ಸೆಟ್), ಕಂಪ್ಲೀಟ್ ಸೆಟ್ ಕೆಲಸ ಮಾಡಿಕೊಂಡಿದ್ದೆ. ಈಗ ನೈಲಾನ್ ಇಂಜೆಕ್ಷನ್ ಕಡೆಗೆ, ಅಂದರೆ ನೈಲಾನ್ ಕರಗಿಸಿ ಅಚ್ಚಿಗೆ ಒತ್ತಿ ಬಾಗುವ (ಫ್ಲೆಕ್ಸಿಬಲ್) ಸೆಟ್ ಮಾಡುವ ಕಡೆಗೆ ಹಾಕಿದ್ದಾರೆ. ವಾಪಸ್ ಬರುವ ಫ್ಲೆಕ್ಸಿಬಲ್ ಸೆಟ್‌ಗಳಲ್ಲಿ ಒಂದೇ ದೂರು ಜಾಸ್ತಿ. ಬೇಸ್ (ವಸಡಿನ ಮೇಲೆ ಕೂರುವ ಭಾಗ) ಚೆನ್ನಾಗಿಯೇ ಇರುತ್ತದೆ, ಹಲ್ಲು ಮಾತ್ರ ಕಳಚಿ ಬಂದಿರುತ್ತದೆ. ಅದರಲ್ಲೂ ಕೆಳಗಿನ ಮುಂದಿನ ಹಲ್ಲುಗಳು. ಇನ್ನೊಂದು ತೊಂದರೆ ಕ್ಲಾಸ್ಪ್‌ನದು, ಅಂದರೆ ಉಳಿದ ಹಲ್ಲನ್ನು ಹಿಡಿದು ಸೆಟ್ ನಿಲ್ಲಿಸುವ ಕೊಕ್ಕೆಯದು. ತುದಿವರೆಗೆ ಮೆಟೀರಿಯಲ್ ಹೋಗದೆ ಅರ್ಧದಲ್ಲೇ ದುಂಡಗೆ ನಿಂತುಬಿಡುತ್ತದೆ.

ಮೆಷಿನ್‌ನ ಪ್ರೆಶರ್ ಏರಿಸಬೇಕಾ? ಟೆಂಪರೇಚರ್ ಏರಿಸಬೇಕಾ? ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮೇಣದ_ಕೈ

ಮೆಷಿನ್ ಮುಟ್ಟಬೇಡಿ ತಮ್ಮಾ. ಅದು ಕೊನೆಗೆ ನೋಡುವ ವಿಷಯ. ಹಲ್ಲು ಕಳಚುವ ತೊಂದರೆ, ಮೇಣದಲ್ಲಿ ಸೆಟ್‌ನ ಆಕಾರ ಕಟ್ಟುವ ವ್ಯಾಕ್ಸಪ್ ಟೇಬಲ್‌ನಲ್ಲೇ ಶುರುವಾಗಿರುತ್ತದೆ.

ಅಕ್ರಿಲಿಕ್ ಕೆಲಸದಿಂದ ಬಂದವರಿಗೆ ಒಂದು ಅಭ್ಯಾಸ ಇರುತ್ತದೆ. ಹಲ್ಲಿನ ತಳ ಸ್ವಲ್ಪ ಒರಟು ಮಾಡಿದರೆ ಸಾಕು, ಮಿಕ್ಕಿದ್ದು ಮಾನೊಮರ್ (ಅಕ್ರಿಲಿಕ್ ಪುಡಿಗೆ ಬೆರೆಸುವ ದ್ರವ) ನೋಡಿಕೊಳ್ಳುತ್ತದೆ. ಅಲ್ಲಿ ಅದು ಸರಿ. ಹಲ್ಲೂ ಅಕ್ರಿಲಿಕ್, ಬೇಸೂ ಅಕ್ರಿಲಿಕ್. ಮಾನೊಮರ್ ಹಲ್ಲಿನ ತಳವನ್ನು ಮೆತ್ತಗೆ ಮಾಡುತ್ತದೆ, ಎರಡೂ ಒಂದಾಗುತ್ತವೆ. ನೈಲಾನ್‌ನಲ್ಲಿ ಮಾನೊಮರ್ ಇಲ್ಲವೇ ಇಲ್ಲ. ಕರಗಿದ ಪ್ಲಾಸ್ಟಿಕ್ ಬಂದು ಹಲ್ಲಿನ ಸುತ್ತ ಗಟ್ಟಿಯಾಗುತ್ತದೆ ಅಷ್ಟೇ. ಅಕ್ರಿಲಿಕ್ ಹಲ್ಲಿಗೆ ಅದು ಅಂಟುವುದಿಲ್ಲ. ಹಲ್ಲು ನಿಲ್ಲುವುದು ನಾವು ಕೊರೆದ ತೂತಿನ ಬಲದಿಂದ ಮಾತ್ರ.

ತೂತು ಹೇಗಿರಬೇಕು ಎನ್ನುವುದನ್ನು ಬಿಡಿಸಿ ಹೇಳುತ್ತೇನೆ. ಹಲ್ಲನ್ನು ಬೆರಳಲ್ಲಿ ಹಿಡಿದು, ಕುತ್ತಿಗೆಯಿಂದ ಸ್ವಲ್ಪ ಮೇಲೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅಡ್ಡಲಾಗಿ ಕೊರೆಯಿರಿ. ಆಮೇಲೆ ತಳದಿಂದ ಮೇಲಕ್ಕೆ ಇನ್ನೊಂದು ತೂತು. ಅದು ಹೋಗಿ ಅಡ್ಡ ತೂತಿಗೆ ಸೇರಬೇಕು. ಒಳಗೆ ಇಂಗ್ಲಿಷಿನ ಟಿ ಅಕ್ಷರದ ಆಕಾರ ಆಗುತ್ತದೆ. ಕೊರೆದಾದ ಮೇಲೆ ಹಲ್ಲನ್ನು ಬೆಳಕಿಗೆ ಹಿಡಿಯಿರಿ. ಅಡ್ಡ ತೂತಿನಲ್ಲಿ ಆ ಕಡೆಯ ಬೆಳಕು ಕಾಣಬೇಕು. ತಳದಿಂದ ಪ್ರೋಬ್ ಹಾಕಿದರೆ ಅಡ್ಡ ತೂತಿನವರೆಗೆ ಸಲೀಸಾಗಿ ಹೋಗಬೇಕು. ನೈಲಾನ್ ಅದರೊಳಗೆ ಹರಿದು ಗಟ್ಟಿಯಾದರೆ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಹಲ್ಲು ನಿಲ್ಲುತ್ತದೆ. ತೂತು ತೀರಾ ಸಣ್ಣದಾದರೆ ನೈಲಾನ್ ಒಳಗೆ ನುಗ್ಗುವ ಮೊದಲೇ ತಣ್ಣಗಾಗುತ್ತದೆ. ತೀರಾ ದೊಡ್ಡದಾದರೆ ಹಲ್ಲೇ ಸೀಳುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ತಪ್ಪುವುದು ಇದಾದ ಮೇಲೆ. ವ್ಯಾಕ್ಸಪ್ ಮಾಡುವಾಗ ಅಡ್ಡ ತೂತಿನ ಎರಡೂ ಬಾಯಿ ಮೇಣದೊಳಗೆ ಮುಚ್ಚಿರಬೇಕು. ಹಲ್ಲು ಚೆನ್ನಾಗಿ ಕಾಣಲಿ ಎಂದು ಹಲ್ಲುಗಳ ನಡುವಿನ ಮೇಣವನ್ನು ಕೆತ್ತಿ ಕೆತ್ತಿ ತೆಗೆದರೆ ತೂತಿನ ಬಾಯಿ ಹೊರಗೆ ಬರುತ್ತದೆ. ಫ್ಲಾಸ್ಕಿಂಗ್‌ನಲ್ಲಿ, ಅಂದರೆ ಮೇಣದ ಸೆಟ್ ಅನ್ನು ಫ್ಲಾಸ್ಕ್ ಎಂಬ ಲೋಹದ ಪೆಟ್ಟಿಗೆಯಲ್ಲಿಟ್ಟು ಅಚ್ಚು ಹಾಕುವಾಗ, ಸ್ಟೋನ್ (ಅಚ್ಚಿನ ಗಟ್ಟಿ ಜಿಪ್ಸಮ್) ಅಲ್ಲಿಗೆ ನುಗ್ಗುತ್ತದೆ. ಸ್ಟೋನ್ ಕೂತ ಜಾಗಕ್ಕೆ ನೈಲಾನ್ ಹೋಗುವುದೆಲ್ಲಿಂದ?

ಬೆಂಚ್_ಹುಡುಗ

ಸರ್, ಈ ಸ್ಟೋನ್ ನುಗ್ಗುವ ವಿಷಯ ಯಾರೂ ಹೇಳಿರಲಿಲ್ಲ. ಕಳಚಿದ ಹಲ್ಲುಗಳು ಡಬ್ಬದಲ್ಲಿ ಇವೆ, ನೋಡುತ್ತೇನೆ. ಡೀವ್ಯಾಕ್ಸಿಂಗ್ (ಅಚ್ಚಿನ ಮೇಣ ಕರಗಿಸಿ ತೆಗೆಯುವುದು) ಬಗ್ಗೆಯೂ ಸ್ವಲ್ಪ ಹೇಳಿ.

ಮೇಣದ_ಕೈ

ಡೀವ್ಯಾಕ್ಸಿಂಗ್‌ನಲ್ಲಿ ಅಚ್ಚು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ತೂತಿನೊಳಗೆ ಮೇಣ ಉಳಿದಿರುತ್ತದೆ. ಫ್ಲಾಸ್ಕ್ ತೆರೆದ ಮೇಲೆ ಹೊಸ ಕುದಿಯುವ ನೀರನ್ನೇ ಹಾಯಿಸಿ. ಹಿಂದಿನ ಫ್ಲಾಸ್ಕ್ ಅದ್ದಿದ ನೀರಿನ ಮೇಲೆ ಮೇಣದ ಪೊರೆ ತೇಲುತ್ತಿರುತ್ತದೆ, ಅದೇ ಮತ್ತೆ ತೂತಿಗೆ ಹೋಗಿ ಕೂರುತ್ತದೆ. ಪ್ರತಿ ಹಲ್ಲಿನ ತೂತಿಗೂ ಪ್ರೋಬ್ ಹಾಕಿ ನೋಡಿ. ತುದಿಗೆ ಮೇಣ ಹತ್ತಿ ಬಂದರೆ ಮತ್ತೆ ನೀರು ಹಾಯಿಸಿ.

ಸ್ಟೋನ್‌ಗೆ ಪ್ಲಾಸ್ಟಿಕ್ ಅಂಟದಂತೆ ಸೆಪರೇಟಿಂಗ್ ಮೀಡಿಯಂ ಬ್ರಷ್ ಮಾಡುವಾಗಲೂ ಹಲ್ಲಿನ ತಳದ ಹತ್ತಿರ ಕೈ ಬಿಗಿ ಹಿಡಿಯಿರಿ. ತೂತಿನಲ್ಲಿ ಹನಿ ನಿಂತು ಪೊರೆ ಕಟ್ಟಿದರೆ ಅದೂ ಅಡ್ಡಿಯೇ. ನಾನು ಪ್ರತಿ ತೂತಿಗೂ ಗಾಳಿ ಊದುತ್ತೇನೆ.

ಪ್ರಾಸ್ಥೊ_ಡಾಕ್ಟರ್

ಕ್ಲಿನಿಕ್ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕೆಳಗಿನ ಮುಂದಿನ ಹಲ್ಲು ಕಳಚುವುದಕ್ಕೆ ಜಾಗದ ಕೊರತೆಯೂ ಕಾರಣ. ಎದುರಿನ ಹಲ್ಲು ಇಳಿದು ಬಂದಿರುತ್ತದೆ, ಬೈಟ್ ಬಿಗಿಯಾಗಿರುತ್ತದೆ. ಸೆಟ್ ಮಾಡುವವರು ಹಲ್ಲಿನ ತಳವನ್ನು ಗ್ರೈಂಡ್ ಮಾಡಿ ಮಾಡಿ ಚಿಪ್ಪಿನಷ್ಟು ಉಳಿಸಿರುತ್ತಾರೆ. ಅಂಥ ಹಲ್ಲಿನಲ್ಲಿ ಟಿ ತೂತು ಎಲ್ಲಿ ಕೊರೆಯುತ್ತೀರಿ?

ರಿಡ್ಜ್‌ನಿಂದ (ಹಲ್ಲಿಲ್ಲದ ವಸಡಿನ ದಿಬ್ಬದಿಂದ) ಎದುರು ಹಲ್ಲಿನವರೆಗೆ 4-5 ಮಿ.ಮೀ. ಕೂಡ ಸಿಗದಿದ್ದರೆ ಆ ಕೇಸ್ ನೈಲಾನ್‌ಗೆ ಅಲ್ಲ. ಡಾಕ್ಟರ್ ಫ್ಲೆಕ್ಸಿಬಲ್ ಎಂದು ಬರೆದಿದ್ದರೂ ಫೋನ್ ಮಾಡಿ ಹೇಳಿ. ಹಲ್ಲು ಕೂರಿಸುವ ಮೊದಲೇ ಆರ್ಟಿಕ್ಯುಲೇಟರ್ (ಮೇಲಿನ, ಕೆಳಗಿನ ಮಾಡೆಲ್ ಜೋಡಿಸುವ ಸಾಧನ) ಮೇಲೆ ಅಳತೆ ಗೊತ್ತಾಗುತ್ತದೆ ಅಲ್ವಾ. ಲ್ಯಾಬ್‌ನಿಂದ ಇಂಥ ಫೋನ್ ಬಂದರೆ ನನಗಂತೂ ಸಂತೋಷ. ಪೇಷಂಟ್ ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಬರುವುದಕ್ಕಿಂತ ಅದು ಎಷ್ಟೋ ಮೇಲು.

ಡೆಂಟಲ್_ವಿದ್ಯಾರ್ಥಿ

ನಡುವೆ ಒಂದು ಪ್ರಶ್ನೆ. ಹಲ್ಲಿಗೆ ಅಂಟದ ಮೆಟೀರಿಯಲ್ ಅನ್ನು ಯಾಕಾದರೂ ತಂದರು? ಅಕ್ರಿಲಿಕ್ ಚೆನ್ನಾಗಿಯೇ ಇತ್ತಲ್ಲ?

ಮೇಣದ_ಕೈ

ಅಕ್ರಿಲಿಕ್ ಬೇಸ್ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ನೈಲಾನ್ ಹುಟ್ಟಿದ್ದೂ ಅದೇ ದಶಕದಲ್ಲಿ, 1935ರಲ್ಲಿ, ಡುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೊದರ್ಸ್ ಅವರ ಪ್ರಯೋಗಾಲಯದಲ್ಲಿ. 1950ರ ದಶಕದಲ್ಲಿ ಆರ್ಪಾಡ್ ಮತ್ತು ಟಿಬೋರ್ ನಾಗಿ ಅದನ್ನು ವಾಲ್‌ಪ್ಲಾಸ್ಟ್ ಎಂಬ ಹೆಸರಲ್ಲಿ ಪಾರ್ಷಿಯಲ್ ಡೆಂಚರ್‌ಗೆ ತಂದರು.

ಕಾರಣ ಬೇಕಾದಷ್ಟಿವೆ. ಬಿದ್ದರೆ ಒಡೆಯುವುದಿಲ್ಲ. ಮುಂದಿನ ಹಲ್ಲಿನ ಮೇಲೆ ತಂತಿ ಕಾಣುವುದಿಲ್ಲ, ಕ್ಲಾಸ್ಪ್ ವಸಡಿನ ಬಣ್ಣದಲ್ಲೇ ಬೆರೆತುಹೋಗುತ್ತದೆ. ಮಾನೊಮರ್ ಅಲರ್ಜಿ ಇರುವವರಿಗೆ, ಲೋಹದ ಅಲರ್ಜಿ ಇರುವವರಿಗೆ ಇದೊಂದು ದಾರಿ. ನಮಗೂ ಲಾಭ ಇದೆ. ಅಕ್ರಿಲಿಕ್ ಹಿಟ್ಟು ಕ್ಯೂರ್ ಆಗುವಾಗ ಗಾತ್ರದಲ್ಲಿ ಸುಮಾರು 7% ಕುಗ್ಗುತ್ತದೆ. ನೈಲಾನ್ ಕಾರ್ಖಾನೆಯಲ್ಲೇ ಪಾಲಿಮರ್ ಆಗಿ ಬಂದಿರುತ್ತದೆ, ಇಲ್ಲಿ ಕರಗಿ ಮತ್ತೆ ಗಟ್ಟಿಯಾಗುತ್ತದೆ ಅಷ್ಟೇ. ಹಾಗೆಂದು ಕುಗ್ಗುವುದೇ ಇಲ್ಲ ಅಂತಲ್ಲ. ತಣ್ಣಗಾಗುವಾಗ ಕುಗ್ಗುತ್ತದೆ. ಅದಕ್ಕೇ ಇಂಜೆಕ್ಷನ್ ಆದ ಮೇಲೂ ಪ್ರೆಶರ್ ಹಿಡಿದಿಡಬೇಕು.

ಈಗ ಕ್ಲಾಸ್ಪ್ ತುಂಬದ ವಿಷಯಕ್ಕೆ ಬರುತ್ತೇನೆ. ನೈಲಾನ್ ಕರಗಿ ಅಚ್ಚಿನೊಳಗೆ ಹೋಗುವಾಗ ತಣ್ಣಗಿನ ಸ್ಟೋನ್ ತಾಗುತ್ತಲೇ ಗಟ್ಟಿಯಾಗಲು ಶುರು. ಎಲ್ಲಿ ಮೇಣ ತೆಳು ಇತ್ತೋ ಅಲ್ಲಿ ಮೊದಲು ನಿಲ್ಲುತ್ತದೆ. ಹಾಗಾಗಿ ಮೊದಲು ವ್ಯಾಕ್ಸಪ್ ನೋಡಿ. ಬೇಸ್ ಒಂದೇ ಸಮ ಸುಮಾರು 2 ಮಿ.ಮೀ. ಇರಲಿ. ಕೆಳಗಿನ ಸೆಟ್‌ನಲ್ಲಿ ನಾಲಿಗೆ ಕಡೆಯ ಪಟ್ಟಿ ಇನ್ನೂ ದಪ್ಪ ಇರಲಿ. ಅದು ತೆಳುವಾದರೆ ಎರಡು ಕಡೆಯೂ ಬೇರೆಬೇರೆ ಅಲ್ಲಾಡುತ್ತದೆ. ದಪ್ಪದಿಂದ ತೆಳುವಿಗೆ ಹೋಗುವಾಗ ನಿಧಾನವಾಗಿ ಇಳಿಸಿ, ಮೆಟ್ಟಿಲು ಬೇಡ.

ಆಮೇಲೆ ಸ್ಪ್ರೂ, ಅಂದರೆ ಕರಗಿದ ನೈಲಾನ್ ಅಚ್ಚಿಗೆ ಹೋಗುವ ದಾರಿ. ಮುಖ್ಯ ಸ್ಪ್ರೂ ದಪ್ಪಗೆ, ಆದಷ್ಟು ನೇರವಾಗಿ, ಅತಿ ದಪ್ಪ ಜಾಗಕ್ಕೆ ಸೇರಬೇಕು. ಎರಡೂ ಕಡೆ ಹಲ್ಲಿರುವ ಕೆಳ ಸೆಟ್‌ಗೆ ಒಂದೇ ಕಡೆಯಿಂದ ಸ್ಪ್ರೂ ಕೊಟ್ಟು, ಮೆಟೀರಿಯಲ್ ಇಡೀ ಕಮಾನು ಸುತ್ತಿ ಆ ತುದಿಯ ಕ್ಲಾಸ್ಪ್‌ವರೆಗೆ ಬರಲಿ ಎಂದರೆ ಬರುವುದಿಲ್ಲ. ಎರಡೂ ಬದಿಗೆ ಕವಲು ಕೊಡಿ. ಕವಲು ಒಡೆಯುವ ಕಡೆ ಚೂಪು ಮೂಲೆ ಇರಬಾರದು, ಮೇಣ ಹಾಕಿ ನಯವಾಗಿ ತುಂಬಿ. ಅಲ್ಲಿ ಸ್ಟೋನ್‌ನ ಚೂಪು ಅಂಚು ಉಳಿದರೆ ಅದು ಮುರಿದು ಮೆಟೀರಿಯಲ್ ಜೊತೆ ಹರಿದುಹೋಗುತ್ತದೆ. ಗುಲಾಬಿ ಬೇಸ್‌ನಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ ಕಾರಣ.

ಬೆಂಚ್_ಹುಡುಗ

ಟೆಂಪರೇಚರ್ ಏರಿಸಿದರೆ ಇನ್ನೂ ತೆಳುವಾಗಿ ಹರಿಯುವುದಿಲ್ಲವಾ ಸರ್?

ಮೇಣದ_ಕೈ

ಹರಿಯುತ್ತದೆ, ಆದರೆ ಮೆಟೀರಿಯಲ್ ಕೆಡುತ್ತದೆ. ಕೆಲವು ನೈಲಾನ್‌ಗೆ 220 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಕೆಲವು 290ರ ಹತ್ತಿರ ಕೇಳುತ್ತವೆ. ಕಂಪನಿಯ ಚಾರ್ಟ್‌ನಲ್ಲಿ ಇರುವುದೇ ಅದರ ಅಳತೆ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಅಥವಾ ಜಾಸ್ತಿ ಹೊತ್ತು ಒಳಗೆ ಬಿಟ್ಟರೆ ಬಣ್ಣ ಕಂದುತ್ತದೆ, ಸೆಟ್ ಬಾಗುವ ಬದಲು ಮುರಿಯುತ್ತದೆ. ಒಂದು ಮೆಟೀರಿಯಲ್‌ನ ಚಾರ್ಟ್ ಹಿಡಿದು ಇನ್ನೊಂದನ್ನು ಕರಗಿಸುವುದಂತೂ ಬೇಡವೇ ಬೇಡ.

ಕ್ಲಾಸ್ಪ್ ತುಂಬದಿರುವುದಕ್ಕೆ ಬಹಳ ಸಲ ಕಾರಣ ಫ್ಲಾಸ್ಕ್. ಅದು ಒದ್ದೆ, ತಣ್ಣಗೆ ಇರುತ್ತದೆ. ಡೀವ್ಯಾಕ್ಸ್ ಮಾಡಿದ ಸ್ಟೋನ್ ನೀರು ಹಿಡಿದುಕೊಂಡಿರುತ್ತದೆ. ಅದನ್ನು ಪೂರ್ತಿ ಒಣಗಿಸಿ, ಬೆಚ್ಚಗೆ ಮಾಡಿ, ಆಮೇಲೆ ಇಂಜೆಕ್ಟ್ ಮಾಡಬೇಕು. ಒದ್ದೆ ಅಚ್ಚಿಗೆ ಅಷ್ಟು ಬಿಸಿಯ ನೈಲಾನ್ ಹೋದರೆ ಆವಿ ಎದ್ದು ಗುಳ್ಳೆಯೂ ಆಗುತ್ತದೆ.

ಕಾರ್ಟ್ರಿಜ್ (ನೈಲಾನ್ ತುಂಬಿ ಬರುವ ಕೊಳವೆ) ಕೂಡ ಹಾಗೆಯೇ. ನೈಲಾನ್ ಗಾಳಿಯಿಂದಲೇ ತೇವ ಹೀರುತ್ತದೆ. ಪೊಟ್ಟಣ ಹರಿದು ಶೆಲ್ಫ್ ಮೇಲೆ ಬಿಟ್ಟ ಕಾರ್ಟ್ರಿಜ್ ಬಳಸಬೇಡಿ. ತೇವ ಇರುವ ನೈಲಾನ್ ಕಾದಾಗ ಗುಳ್ಳೆ ಬರುವುದಷ್ಟೇ ಅಲ್ಲ, ಅದರ ಅಣುಗಳ ಸರಪಳಿಯೇ ತುಂಡಾಗುತ್ತದೆ. ಅಂಥ ಸೆಟ್ ಹೊರಗಿಂದ ಚೆನ್ನಾಗಿ ಕಂಡು ಬಾಯಲ್ಲಿ ಸೀಳುತ್ತದೆ.

ಓವನ್‌ನಿಂದ ತೆಗೆದು ಒತ್ತುವವರೆಗೆ ತಡ ಆಗಬಾರದು. ಫ್ಲಾಸ್ಕ್ ಬೋಲ್ಟ್ ಬಿಗಿದು, ಮೆಷಿನ್‌ನಲ್ಲಿ ಕೂರಿಸಿ, ಎಲ್ಲ ಸಿದ್ಧ ಇಟ್ಟುಕೊಂಡೇ ಕಾರ್ಟ್ರಿಜ್‌ಗೆ ಕೈ ಹಾಕಿ. ಒತ್ತಿದ ಮೇಲೆ ಚಾರ್ಟ್ ಹೇಳಿದಷ್ಟು ಹೊತ್ತು ಪ್ರೆಶರ್ ಬಿಡಬೇಡಿ. ಬಿಟ್ಟರೆ ದಪ್ಪ ಜಾಗದಲ್ಲಿ ಕುಳಿ ಬೀಳುತ್ತದೆ. ಆಮೇಲೆ ಫ್ಲಾಸ್ಕ್ ತಾನಾಗಿ ತಣ್ಣಗಾಗಲಿ. ಅವಸರಕ್ಕೆ ನೀರಿಗೆ ಹಾಕಿದರೆ ಸೆಟ್ ತಿರುಚಿಕೊಳ್ಳುತ್ತದೆ.

ಫಿನಿಶಿಂಗ್_ಟೇಬಲ್

ಡಿಫ್ಲಾಸ್ಕ್ ಆದ ಮೇಲಿನ, ಅಂದರೆ ಅಚ್ಚು ಒಡೆದು ಸೆಟ್ ಹೊರತೆಗೆದ ಮೇಲಿನ ಕಷ್ಟ ಯಾರೂ ಬರೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಅಕ್ರಿಲಿಕ್ ಪುಡಿಯಾಗಿ ಉದುರುತ್ತದೆ. ನೈಲಾನ್ ಉದುರುವುದಿಲ್ಲ, ಎಳೆ ಎಳೆಯಾಗಿ ಏಳುತ್ತದೆ. ಬರ್ (ತಿರುಗುತ್ತಾ ಕೊರೆಯುವ ಮೊನೆ) ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಅಲ್ಲಿ ಕರಗಿ ಹೊಳೆಯುವ ಕಲೆ ಬೀಳುತ್ತದೆ, ಅಂಚಿನಲ್ಲಿ ನೂಲು ನಿಲ್ಲುತ್ತದೆ. ಆ ನೂಲನ್ನು ಮತ್ತೆ ಬರ್‌ನಿಂದ ತೆಗೆಯಲು ಹೋದರೆ ಇನ್ನೂ ಜಾಸ್ತಿ ಆಗುತ್ತದೆ. ಚೂಪಾದ ಬ್ಲೇಡ್‌ನಿಂದ ಅಂಚಿನುದ್ದಕ್ಕೂ ಒಂದೇ ದಿಕ್ಕಿನಲ್ಲಿ ಹೆರೆದುಬಿಡಿ, ಹೋಗುತ್ತದೆ.

ಬರ್ ಹೊಸದಿರಲಿ, ಚೂಪಾಗಿರಲಿ, ಸ್ಪೀಡ್ ಕಡಿಮೆ ಇರಲಿ. ಕೈ ಓಡಾಡುತ್ತಲೇ ಇರಬೇಕು. ಅಕ್ರಿಲಿಕ್‌ಗೆ ಬಳಸಿ ಮೊಂಡಾದ ಬರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ಪ್ರೂ ಕತ್ತರಿಸುವಾಗ ಡಿಸ್ಕ್ ಬಿಸಿಯಾಗಿ ಬೇಸ್ ಕರಗದ ಹಾಗೆ ಸ್ವಲ್ಪ ದೂರದಲ್ಲೇ ಕತ್ತರಿಸಿ, ಉಳಿದದ್ದನ್ನು ಆಮೇಲೆ ಇಳಿಸಿ. ಪ್ಯೂಮಿಸ್ (ಪಾಲಿಶ್ ಪುಡಿ) ಹಾಕುವಾಗ ಒದ್ದೆಯಾಗಿ, ಜಾಸ್ತಿಯೇ ಹಾಕಿ. ಒಣಗಿದ ಬಫ್ ತಾಗಿದರೆ ಮಾಡಿದ್ದೆಲ್ಲ ಹಾಳು. ಸಕ್ಷನ್ ಹಾಕಿಕೊಂಡೇ ಕೂರಿ, ಮಾಸ್ಕ್ ಮರೆಯಬೇಡಿ.

ಇನ್ನೊಂದು ಮಾತು. ಮಾಸ್ಟರ್ ಮಾಡೆಲ್ (ಪೇಷಂಟ್ ಬಾಯಿಯ ಮೂಲ ಮಾದರಿ) ಮೇಲೆಯೇ ಫ್ಲಾಸ್ಕ್ ಮಾಡುವ ಲ್ಯಾಬ್‌ಗಳಿವೆ. ದಯವಿಟ್ಟು ಮಾಡಬೇಡಿ. ಡಿಫ್ಲಾಸ್ಕ್‌ನಲ್ಲಿ ಅದು ಒಡೆಯುತ್ತದೆ, ಆಮೇಲೆ ನಾನು ಸೆಟ್ ಅನ್ನು ಯಾವುದರ ಮೇಲೆ ಕೂರಿಸಿ ನೋಡಲಿ? ಬ್ಲಾಕ್‌ಔಟ್ ಮಾಡಿ (ಬೇಡದ ತಗ್ಗುಗಳನ್ನು ಮುಚ್ಚಿ) ಡುಪ್ಲಿಕೇಟ್ ತೆಗೆದು ಅದನ್ನು ಫ್ಲಾಸ್ಕ್‌ಗೆ ಹಾಕಿ. ಮಾಸ್ಟರ್ ನನ್ನ ಟೇಬಲ್‌ಗೆ ಬರಲಿ.

ಬೆಂಚ್_ಹುಡುಗ

ಮೇಡಂ, ಬ್ಲಾಕ್‌ಔಟ್ ಎಷ್ಟು ಮಾಡಬೇಕು? ಬಾಗುವ ಮೆಟೀರಿಯಲ್, ಎಲ್ಲ ಅಂಡರ್‌ಕಟ್ (ಉಬ್ಬಿನ ಕೆಳಗಿನ ತಗ್ಗು) ಒಳಗೂ ಹೋಗುತ್ತದೆ, ಆ ತಗ್ಗು ಅಳೆಯುವ ಸರ್ವೇ ಬೇಡ ಅನ್ನುತ್ತಾರೆ ನಮ್ಮಲ್ಲಿ.

ಫಿನಿಶಿಂಗ್_ಟೇಬಲ್

ಹಾಗೆ ಮಾಡಿದ ಸೆಟ್‌ಗಳನ್ನೇ ನಾನು ದಿನವೂ ಒಳಗಿಂದ ಕೊರೆಯುತ್ತಾ ಕೂರುವುದು. ಕೊರೆದ ಒಳಮೈ ಮತ್ತೆ ನುಣುಪಾಗುವುದಿಲ್ಲ, ಅಲ್ಲೇ ಕೊಳೆ ಕೂರುತ್ತದೆ. ಸರ್ವೇಯರ್ ಮೇಲೆ ಇಟ್ಟೇ ಶುರು ಮಾಡಿ. ಕೋಬಾಲ್ಟ್ ಕ್ರೋಮ್ ಕ್ಲಾಸ್ಪ್‌ಗೆ 0.25 ಮಿ.ಮೀ. ಅಂಡರ್‌ಕಟ್ ಅನ್ನುತ್ತೇವಲ್ಲ, ನೈಲಾನ್‌ಗೆ ಅದರ ದುಪ್ಪಟ್ಟು ಬೇಕಾಗಬಹುದು. ಆದರೆ ಅದು ಕ್ಲಾಸ್ಪ್ ಹಿಡಿಯುವ ಜಾಗದಲ್ಲಿ ಮಾತ್ರ. ಹಲ್ಲುಗಳ ಸಂದಿ, ನಾಲಿಗೆ ಕಡೆಯ ಆಳ, ಇವನ್ನೆಲ್ಲ ಮುಚ್ಚಲೇಬೇಕು. ಹಲ್ಲಿನ ಸುತ್ತ ವಸಡಿನ ಅಂಚಿಗೂ ತೆಳುವಾಗಿ ರಿಲೀಫ್ (ಒತ್ತದ ಹಾಗೆ ಬಿಡುವ ಜಾಗ) ಕೊಡಿ. ಆ ಅಂಚು ಒತ್ತಿದರೆ ಪೇಷಂಟ್ ಒಂದೇ ದಿನಕ್ಕೆ ಸೆಟ್ ತೆಗೆದಿಡುತ್ತಾರೆ.

ಸೆಟ್_ಹಾಕುವವರು

ನಾನು ಟೆಕ್ನಿಷಿಯನ್ ಅಲ್ಲ, ಹಾಕಿಕೊಳ್ಳುವವಳು. ಕೆಳಗೆ ಎರಡೂ ಕಡೆ ಹಿಂದಿನ ಹಲ್ಲಿಲ್ಲ. ಫ್ಲೆಕ್ಸಿಬಲ್ ಸೆಟ್ ಹಾಕಿಸಿಕೊಂಡೆ. ನೋಡಲು ಬಹಳ ಚೆನ್ನಾಗಿದೆ, ತಂತಿ ಇಲ್ಲ. ಆದರೆ ಅಗಿಯುವಾಗ ಹಿಂದೆ ಕೆಳಗಿಳಿದ ಹಾಗೆ ಆಗುತ್ತದೆ, ವಸಡು ನೋಯುತ್ತದೆ. ಬಿಸಿನೀರಿನಲ್ಲಿ ಇಟ್ಟು ಬಗ್ಗಿಸಿದರೆ ಸರಿಹೋಗುತ್ತದೆ ಎಂದು ಎಲ್ಲೋ ಓದಿದೆ. ಮನೆಯಲ್ಲೇ ಮಾಡಬಹುದಾ?

ಪ್ರಾಸ್ಥೊ_ಡಾಕ್ಟರ್

ದಯವಿಟ್ಟು ಮನೆಯಲ್ಲಿ ಮಾಡಬೇಡಿ ಅಮ್ಮಾ. ಬಿಸಿನೀರಿನಲ್ಲಿ ಇಟ್ಟು ಕ್ಲಾಸ್ಪ್ ಒಳಕ್ಕೋ ಹೊರಕ್ಕೋ ಸ್ವಲ್ಪ ಬಗ್ಗಿಸುವುದು ನಿಜ, ಮೊದಲ ಸಲ ಬಾಯಿಗೆ ಕೂರಿಸುವಾಗಲೂ ಬಿಸಿನೀರಿನಲ್ಲಿ ಮೆತ್ತಗೆ ಮಾಡುತ್ತೇವೆ. ಆದರೆ ಎಲ್ಲಿ, ಎಷ್ಟು ಎನ್ನುವುದು ಬಾಯಲ್ಲಿ ನೋಡಿ ಮಾಡುವ ಕೆಲಸ. ನಿಮ್ಮ ತೊಂದರೆ ಕ್ಲಾಸ್ಪ್‌ನದೂ ಅಲ್ಲ.

ನಿಮ್ಮದು ಕೆನಡಿ ಕ್ಲಾಸ್ 1 ಎನ್ನುವ ಬಗೆ. ಎರಡೂ ಕಡೆ ಹಿಂದೆ ಆಧಾರಕ್ಕೆ ಹಲ್ಲಿಲ್ಲ. ಲೋಹದ ಪಾರ್ಷಿಯಲ್‌ನಲ್ಲಿ ಉಳಿದ ಹಲ್ಲಿನ ಮೇಲೆ ಕೂರುವ ಸಣ್ಣ ರೆಸ್ಟ್ ಇರುತ್ತದೆ. ಅಗಿಯುವ ಭಾರದ ಒಂದಿಷ್ಟು ಪಾಲು ಹಲ್ಲಿಗೆ ಹೋಗುತ್ತದೆ. ಬರೀ ನೈಲಾನ್ ಸೆಟ್‌ನಲ್ಲಿ ರೆಸ್ಟ್ ಇರುವುದಿಲ್ಲ. ಇದ್ದರೂ ಅದು ಬಾಗುತ್ತದೆ. ಭಾರವೆಲ್ಲ ವಸಡಿನ ಮೇಲೆ, ಅದರ ಕೆಳಗಿನ ಮೂಳೆಯ ಮೇಲೆ. ನೋವು ಅದರಿಂದಲೇ. ಹಾಗೇ ಬಿಟ್ಟರೆ ಮೂಳೆ ಬೇಗ ಸವೆಯುವ ಭಯ ಇದೆ. ಡಾಕ್ಟರ್‌ಗೆ ತೋರಿಸಿ, ಅಲ್ಲಿಯವರೆಗೆ ಗಟ್ಟಿ ಪದಾರ್ಥ ಆ ಸೆಟ್‌ನಲ್ಲಿ ಅಗಿಯಬೇಡಿ.

ಟೆಕ್ನಿಷಿಯನ್ ಗೆಳೆಯರಿಗೂ ಹೇಳುತ್ತೇನೆ. ಜಪಾನಿನ ಪ್ರಾಸ್ಥೊಡಾಂಟಿಕ್ ಸೊಸೈಟಿ (ಕೃತಕ ಹಲ್ಲಿನ ತಜ್ಞರ ಸಂಘ) 2014ರಲ್ಲಿ ಇದರ ಬಗ್ಗೆ ತನ್ನ ನಿಲುವು ಪ್ರಕಟಿಸಿತು. ಲೋಹದ ಫ್ರೇಮ್ ಇಲ್ಲದ ಬರೀ ಥರ್ಮೋಪ್ಲಾಸ್ಟಿಕ್ (ನೈಲಾನ್‌ನಂತೆ ಕಾಯಿಸಿದರೆ ಕರಗುವ ಪ್ಲಾಸ್ಟಿಕ್) ಸೆಟ್ ಅನ್ನು ಕಾಯಂ ಸೆಟ್ ಆಗಿ ಅವರು ಒಪ್ಪುವುದಿಲ್ಲ. ಲೋಹದ ಅಲರ್ಜಿ ಇರುವವರಿಗೆ ಅಥವಾ ತಾತ್ಕಾಲಿಕ ಬಳಕೆಗೆ ಮಾತ್ರ ಸರಿ ಎನ್ನುತ್ತಾರೆ. ಡೆಂಚರ್ ಬೇಸ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20795-1 ಪ್ರಕಾರ ಥರ್ಮೋಪ್ಲಾಸ್ಟಿಕ್ ಬೇಸ್‌ನ ಫ್ಲೆಕ್ಸುರಲ್ ಮಾಡ್ಯುಲಸ್ (ಬಾಗದೆ ನಿಲ್ಲುವ ಬಿಗಿತನದ ಅಳತೆ) ಕನಿಷ್ಠ 2000 ಮೆಗಾಪಾಸ್ಕಲ್ ಇರಬೇಕು. ನೈಲಾನ್‌ಗಳು ಸಾಮಾನ್ಯವಾಗಿ ಅಷ್ಟು ತಲುಪುವುದಿಲ್ಲ. ಬಾಗುವುದು ಕ್ಲಾಸ್ಪ್‌ಗೆ ಒಳ್ಳೆಯದು, ಬೇಸ್‌ಗೆ ಒಳ್ಳೆಯದಲ್ಲ.

ಮೇಣದ_ಕೈ

ಡಾಕ್ಟ್ರೇ, ಪೂರ್ತಿ ಒಪ್ಪಲಾರೆ. ಎರಡೂ ಪಕ್ಕ ಗಟ್ಟಿ ಹಲ್ಲಿರುವ ಒಂದೆರಡು ಹಲ್ಲಿನ ಜಾಗಕ್ಕೆ, ಮುಂದಿನ ಹಲ್ಲಿಗೆ, ನಾನು ಮಾಡಿದ ಸೆಟ್‌ಗಳನ್ನು ವರ್ಷಗಟ್ಟಲೆ ನೆಮ್ಮದಿಯಾಗಿ ಹಾಕಿಕೊಂಡವರಿದ್ದಾರೆ. ಕ್ಲಾಸ್ 1ಕ್ಕೆ ಬೇಡ ಎನ್ನುವುದು ಸರಿ. ಆದರೆ ಮೆಟೀರಿಯಲ್ಲೇ ತಾತ್ಕಾಲಿಕ ಎಂದರೆ ಕಷ್ಟ.

ಪ್ರಾಸ್ಥೊ_ಡಾಕ್ಟರ್

ಸಣ್ಣ ಜಾಗ, ಗಟ್ಟಿ ಹಲ್ಲು, ಹಗುರ ಬೈಟ್ ಇದ್ದರೆ ನಾನೂ ಕೊಡುತ್ತೇನೆ. ಆದರೂ ಪೇಷಂಟ್‌ಗೆ ಮೊದಲೇ ಹೇಳುತ್ತೇನೆ: ಇದಕ್ಕೆ ಮುಂದೆ ಕ್ಲಿನಿಕ್‌ನಲ್ಲಿ ರೀಲೈನ್ ಮಾಡಲು (ಇಳಿದ ವಸಡಿಗೆ ಕೂರುವಂತೆ ಒಳಮೈಗೆ ಹೊಸ ಪದರ ಹಾಕಲು) ಆಗುವುದಿಲ್ಲ, ಇನ್ನೊಂದು ಹಲ್ಲು ಹೋದರೆ ಕ್ಲಿನಿಕ್‌ನಲ್ಲೇ ಸೇರಿಸಿಕೊಡಲೂ ಆಗುವುದಿಲ್ಲ. ವಸಡು ಇಳಿಯುತ್ತಲೇ ಇರುತ್ತದೆ, ಬೇಸ್ ಇದ್ದಲ್ಲೇ ಇರುತ್ತದೆ. ಇದನ್ನು ಕೇಳಿದ ಮೇಲೂ ಬೇಕು ಎಂದರೆ ಸರಿ.

ಕ್ಲಾಸ್ 1ಕ್ಕೆ ತಂತಿ ಕಾಣಬಾರದು ಎಂದು ಪೇಷಂಟ್ ಹಟ ಹಿಡಿದರೆ ಫ್ರೇಮ್ ಮತ್ತು ರೆಸ್ಟ್ ಕೋಬಾಲ್ಟ್ ಕ್ರೋಮ್‌ನಲ್ಲಿ ಮಾಡಿಸಿ, ಮುಂದೆ ಕಾಣುವ ಕ್ಲಾಸ್ಪ್ ಮಾತ್ರ ನೈಲಾನ್ ಅಥವಾ ಹಲ್ಲಿನ ಬಣ್ಣದ ಅಸಿಟಾಲ್ ಪ್ಲಾಸ್ಟಿಕ್‌ನಲ್ಲಿ ಮಾಡಿಸಬಹುದು.

ಮೇಣದ_ಕೈ

ರೀಲೈನ್ ವಿಷಯದಲ್ಲಿ ಎರಡು ಮಾತಿಲ್ಲ. ಫ್ರೇಮ್ ಸೇರಿಸುವ ಕೆಲಸದಲ್ಲೂ ತೂತಿನ ನಿಯಮವೇ. ಲೋಹಕ್ಕೂ ನೈಲಾನ್ ಅಂಟುವುದಿಲ್ಲ. ಫ್ರೇಮ್‌ನ ಜಾಲರಿಯೊಳಗೆ ಮೇಣ ಆರಪಾರ ಹೋಗಿರಬೇಕು, ಕೆಳಗೂ ಮೇಲೂ ಜಾಗ ಬಿಟ್ಟಿರಬೇಕು.

ಸೆಟ್_ಹಾಕುವವರು

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಡಾಕ್ಟರ್ ಹತ್ತಿರ ಹೋಗುತ್ತೇನೆ. ತೊಳೆಯಲು ಬ್ಲೀಚ್ ಹಾಕಬಹುದಾ? ಕಲೆ ಆಗಿದೆ.

ಫಿನಿಶಿಂಗ್_ಟೇಬಲ್

ಬ್ಲೀಚ್ ಬೇಡ, ಬಣ್ಣ ಹೋಗುತ್ತದೆ, ಮೇಲ್ಮೈ ಒರಟಾಗುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜುವುದೂ ಬೇಡ, ಗೀರು ಬೀಳುತ್ತದೆ. ಮೆತ್ತನೆ ಬ್ರಷ್, ನೀರು, ನೈಲಾನ್ ಡೆಂಚರ್‌ಗೆ ಎಂದು ಬರೆದಿರುವ ಕ್ಲೀನರ್ ಸಾಕು. ರಾತ್ರಿ ತೆಗೆದು ನೀರಿನಲ್ಲಿಡಿ. ಕಲೆ ಹೋಗದಿದ್ದರೆ ಡಾಕ್ಟರ್ ಮೂಲಕ ಲ್ಯಾಬ್‌ಗೆ ಕಳಿಸಿ, ಮತ್ತೆ ಪಾಲಿಶ್ ಮಾಡಿಕೊಡುತ್ತಾರೆ.

ಬೆಂಚ್_ಹುಡುಗ

ಡಬ್ಬದಲ್ಲಿದ್ದ ಹಲ್ಲುಗಳನ್ನು ಲೆನ್ಸ್ ಹಿಡಿದು ನೋಡಿದೆ. ಸರ್ ಹೇಳಿದ್ದೇ ಸರಿ. ಕೆಲವು ಹಲ್ಲುಗಳಲ್ಲಿ ಅಡ್ಡ ತೂತಿನ ತುಂಬ ಸ್ಟೋನ್ ಗಟ್ಟಿಯಾಗಿ ಕೂತಿದೆ. ತಳದ ತೂತಿನಲ್ಲಿ ಮಾತ್ರ ನೈಲಾನ್ ಒಂದು ಸಣ್ಣ ಕಡ್ಡಿಯ ಹಾಗೆ ನೆಟ್ಟಗೆ ಹೋಗಿ ನಿಂತಿದೆ, ಅಡ್ಡ ಕೈ ಇಲ್ಲ. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಇದೇ ಜಾಸ್ತಿ, ಅಲ್ಲೇ ಸಂದಿಯ ಮೇಣ ಹೆಚ್ಚು ಕೆತ್ತುವುದು. ಒಂದೆರಡರಲ್ಲಿ ಎರಡು ತೂತು ಒಳಗೆ ಸೇರಿಯೇ ಇಲ್ಲ. ವ್ಯಾಕ್ಸಪ್ ಟೇಬಲ್‌ನವರಿಗೆ ತೋರಿಸಿದ್ದೇನೆ. ಫ್ಲಾಸ್ಕ್ ಪೂರ್ತಿ ಒಣಗಿಸಿ ಎರಡೂ ಬದಿಗೆ ಸ್ಪ್ರೂ ಕೊಟ್ಟ ಸೆಟ್‌ನಲ್ಲಿ ಕ್ಲಾಸ್ಪ್ ತುದಿವರೆಗೆ ಚೂಪಾಗಿ ಬಂತು. ಮೆಷಿನ್‌ನಲ್ಲಿ ಏನೂ ಬದಲಾಯಿಸಲಿಲ್ಲ.

ಇವತ್ತು ಟೇಬಲ್ ಮೇಲೆ ಒಂದು ಕೆಳ ಕ್ಲಾಸ್ 1 ಕೇಸ್ ಇದೆ. ಫಾರಂನಲ್ಲಿ ಬರೀ ‘ಫ್ಲೆಕ್ಸಿಬಲ್, ಶೇಡ್ ಎ3’ ಎಂದಷ್ಟೇ ಇದೆ. ಡಾಕ್ಟರ್‌ಗೆ ಫೋನ್ ಮಾಡಿದರೆ ಏನು ಕೇಳಲಿ?

ಪ್ರಾಸ್ಥೊ_ಡಾಕ್ಟರ್

ಎದುರು ಮಾಡೆಲ್ ಮತ್ತು ಬೈಟ್ ಇಲ್ಲದಿದ್ದರೆ ಮೊದಲು ಅದು ಕೇಳಿ. ಆಮೇಲೆ ಇದು ಎಷ್ಟು ದಿನದ ಸೆಟ್ ಎಂದು ಕೇಳಿ, ತಾತ್ಕಾಲಿಕವೋ ಕಾಯಮ್ಮೋ. ಕಾಯಂ ಆದರೆ ಲೋಹದ ಅಲರ್ಜಿ ಇದೆಯಾ ಕೇಳಿ. ಇಲ್ಲ ಎಂದರೆ ರೆಸ್ಟ್ ಇರುವ ಫ್ರೇಮ್ ಮಾಡಬಹುದು, ಮುಂದಿನ ಕ್ಲಾಸ್ಪ್ ಮಾತ್ರ ನೈಲಾನ್‌ನಲ್ಲಿ ಕೊಡುತ್ತೇವೆ ಎಂದು ಹೇಳಿ. ಮಾಡೆಲ್ ಸರ್ವೇಯರ್ ಮೇಲೆ ಇಟ್ಟು ಒಂದು ಫೋಟೋ ಕಳಿಸಿದರೆ ಮಾತು ಸುಲಭ ಆಗುತ್ತದೆ.

ಬೆಂಚ್_ಹುಡುಗ

ಮಾತಾಡಿದೆ. ಅಲರ್ಜಿ ಇಲ್ಲವಂತೆ, ಕಾಯಂ ಸೆಟ್ ಅಂತೆ. ಫೋಟೋ ನೋಡಿ ಒಪ್ಪಿದರು. ರೆಸ್ಟ್ ಸೀಟ್ (ಹಲ್ಲಿನಲ್ಲಿ ರೆಸ್ಟ್ ಕೂರುವ ಸಣ್ಣ ತಗ್ಗು) ಮಾಡಿ ಹೊಸ ಇಂಪ್ರೆಶನ್ ಕಳಿಸುತ್ತಾರಂತೆ. ಈ ಮಾಡೆಲ್ ಪಕ್ಕಕ್ಕಿಟ್ಟಿದ್ದೇನೆ. ಫ್ರೇಮ್ ಬಂದ ಮೇಲೆ ಜಾಲರಿ ವ್ಯಾಕ್ಸಪ್ ಬಗ್ಗೆ ಇಲ್ಲೇ ಕೇಳುತ್ತೇನೆ ಸರ್.

ಮೇಣದ_ಕೈ

ಕೇಳಿ. ಫ್ಲಾಸ್ಕ್ ಮಾಡುವ ಮೊದಲೇ ಫೋಟೋ ಹಾಕಿ.